ಗೋಡೆಯ ಮೇಲಿನ ಫೇರೋ, ಓಲೆಯೊಳಗಿನ ಫೇರೋ

ಪ್ರಾಚೀನ ಈಜಿಪ್ಟಿನ ದೇವಾಲಯಗಳ ಗೋಡೆಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣಿಸುತ್ತದೆ. ಆಳೆತ್ತರವನ್ನು ಮೀರಿ ನಿಂತ ಫೇರೋ ಒಂದು ಕೈಯಲ್ಲಿ ಶತ್ರುವಿನ ಮುಡಿ ಹಿಡಿದು, ಇನ್ನೊಂದು ಕೈಯಲ್ಲಿ ಗದೆ ಎತ್ತಿರುತ್ತಾನೆ. ಕ್ರಿ.ಪೂ. 3100ರ ಸುಮಾರಿನ ನಾರ್ಮರ್ ಫಲಕದಲ್ಲಿ ಮೂಡಿದ ಈ ಭಂಗಿ ರೋಮನ್ ಚಕ್ರವರ್ತಿಗಳ ಕಾಲದವರೆಗೂ ಬದಲಾಗದೆ ಉಳಿಯಿತು. ಈ ಚಿತ್ರಗಳ ಪ್ರಕಾರ ಈಜಿಪ್ಟಿನ ಆಚೆಗಿರುವುದೆಲ್ಲ ಅವ್ಯವಸ್ಥೆ; ಅದನ್ನು ಹತೋಟಿಯಲ್ಲಿಡುವುದು ದೇವಾಂಶಸಂಭೂತನಾದ ಅರಸನ ಕರ್ತವ್ಯ; ಹೊರನಾಡಿನಿಂದ ಬರುವ ಪ್ರತಿಯೊಂದು ವಸ್ತುವೂ ಆತನಿಗೆ ಸಲ್ಲುವ ಕಪ್ಪ. ಗೋಡೆಗಳನ್ನಷ್ಟೇ ಓದಿ ಇತಿಹಾಸ ಬರೆದಿದ್ದರೆ, ಫೇರೋಗಳಿಗೆ ಸರಿಸಮಾನನಾದ ಇನ್ನೊಬ್ಬ ಅರಸನು ಭೂಮಿಯ ಮೇಲೆ ಇದ್ದನೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಈ ನೋಟವನ್ನು ತಿದ್ದಿದ ಸಾಕ್ಷ್ಯ ಸಿಕ್ಕಿದ್ದು 1887ರಲ್ಲಿ, ಕೈರೋದಿಂದ ಸುಮಾರು 300 ಕಿ.ಮೀ. ದಕ್ಷಿಣದ ಟೆಲ್ ಎಲ್-ಅಮರ್ನಾದಲ್ಲಿ. ಫೇರೋ ಅಖೆನಾಟೆನ್ ಕಟ್ಟಿಸಿ, ಅವನ ನಂತರ ಬೇಗನೆ ಪಾಳುಬಿದ್ದ ರಾಜಧಾನಿಯ ನೆಲವದು. ಸ್ಥಳೀಯರು ಅಲ್ಲಿ ಅಗೆಯುವಾಗ ದೊರೆತ ಜೇಡಿಮಣ್ಣಿನ ಫಲಕಗಳನ್ನು ಕೆಲವು ವಿದ್ವಾಂಸರು ಮೊದಲಿಗೆ ನಕಲಿಯೆಂದೇ ಭಾವಿಸಿದರು. ಫೇರೋನ ನಗರದಲ್ಲಿ ಮೆಸೊಪೊಟೇಮಿಯಾದ ಬೆಣೆಲಿಪಿ ಇರುವುದು ಅವರಿಗೆ ನಂಬಲಾಗದ ಸಂಗತಿಯಾಗಿತ್ತು. ಇಂದು ನಮಗೆ ತಿಳಿದಿರುವ ಸುಮಾರು 380 ಫಲಕಗಳಲ್ಲಿ 350ರಷ್ಟು ಪತ್ರಗಳಾಗಿವೆ. ಇವು ಕ್ರಿ.ಪೂ. 14ನೆಯ ಶತಮಾನದ ನಡುಭಾಗದ ಮೂವತ್ತು ವರ್ಷಗಳೊಳಗೆ ಸೇರಿದವು. ಬಹುಪಾಲು ಪತ್ರಗಳ ಭಾಷೆ ಮೆಸೊಪೊಟೇಮಿಯಾದ ಅಕ್ಕಾಡಿಯನ್. ಪಶ್ಚಿಮ ಏಷ್ಯಾದ ಅರಸರೊಡನೆ ವ್ಯವಹರಿಸಲು ಅಷ್ಟು ಪ್ರಬಲನಾದ ಫೇರೋ ಕೂಡ ಪರಭಾಷೆಯನ್ನು ಬಳಸಬೇಕಾಗಿತ್ತು, ಅದಕ್ಕಾಗಿಯೇ ತನ್ನ ಕಚೇರಿಯಲ್ಲಿ ಲಿಪಿಕಾರರನ್ನು ಇಟ್ಟುಕೊಳ್ಳಬೇಕಾಗಿತ್ತು.

ಫಲಕಗಳ ಮೇಲಿನ ಬರಹದಷ್ಟೇ ಅವುಗಳ ಮಣ್ಣೂ ಮಾತನಾಡುತ್ತದೆ. ಫಲಕದಿಂದ ತೆಗೆದ ಅತಿ ಚಿಕ್ಕ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿರುವ ಖನಿಜ ಕಣಗಳನ್ನೂ ಸೂಕ್ಷ್ಮ ಪಳೆಯುಳಿಕೆಗಳನ್ನೂ ಬೇರೆ ಬೇರೆ ಪ್ರದೇಶಗಳ ಭೂರಚನೆಯೊಂದಿಗೆ ಹೋಲಿಸಿದರೆ, ಆ ಪತ್ರವನ್ನು ಎಲ್ಲಿ ಬರೆಯಲಾಯಿತೆಂದು ಊಹಿಸಬಹುದು. ಅಲಾಶಿಯಾ ಎಂಬ ತಾಮ್ರದ ನಾಡು ಎಲ್ಲಿತ್ತೆಂಬ ಬಗ್ಗೆ ದೀರ್ಘಕಾಲದ ಚರ್ಚೆಯಿತ್ತು. ಅಲ್ಲಿನ ಅರಸನ ಪತ್ರಗಳ ಮಣ್ಣು ಸೈಪ್ರಸ್ ದ್ವೀಪದ ಟ್ರೂಡೋಸ್ ಬೆಟ್ಟಗಳ ಅಂಚಿನ ಮಣ್ಣಿಗೆ ಹೊಂದಿಕೊಂಡಿದ್ದು, ಆ ಚರ್ಚೆಯಲ್ಲಿ ಬಲವಾದ ಸಾಕ್ಷ್ಯವಾಯಿತು.

ಈ ಪತ್ರಗಳೊಳಗಿನ ಫೇರೋ ಗೋಡೆಯ ಫೇರೋನಂತಿಲ್ಲ. ಬ್ಯಾಬಿಲೋನಿಯಾ, ಉತ್ತರ ಸಿರಿಯಾದ ಮಿತನ್ನಿ, ಇಂದಿನ ಟರ್ಕಿಯಲ್ಲಿದ್ದ ಹಿಟ್ಟೈಟರ ‘ಹತ್ತಿ’ ಎಂಬ ನಾಡು, ಕೊಂಚ ತಡವಾಗಿ ತಲೆಯೆತ್ತಿದ ಅಸ್ಸೀರಿಯಾ, ಇವುಗಳ ದೊರೆಗಳು ಅವನನ್ನು ‘ನನ್ನ ಸಹೋದರ’ ಎಂದು ಸಂಬೋಧಿಸುತ್ತಾರೆ. ಅವನೂ ಹಾಗೆಯೇ ಉತ್ತರಿಸುತ್ತಾನೆ. ಪತ್ರದ ಆರಂಭದಲ್ಲಿ ತಾನು ಕ್ಷೇಮವೆಂದು ತಿಳಿಸಿ, ಎದುರಿನವನ ಮನೆಗೆ, ಮಡದಿಯರಿಗೆ, ಮಕ್ಕಳಿಗೆ, ಕುದುರೆಗಳಿಗೆ, ರಥಗಳಿಗೆ ಕ್ಷೇಮ ಕೋರುವುದು ವಾಡಿಕೆ. ಒಡಹುಟ್ಟಿದವರ ನಡುವಿನ ಮುನಿಸುಗಳಿಗೂ ಕೊರತೆಯಿಲ್ಲ. ತಾನು ಕಾಯಿಲೆ ಬಿದ್ದಾಗ ಈಜಿಪ್ಟಿನಿಂದ ಯಾರೂ ವಿಚಾರಿಸಲಿಲ್ಲವೆಂದು ಬ್ಯಾಬಿಲೋನಿನ ಬುರ್ನ-ಬುರಿಯಾಶ್ ನೊಂದುಕೊಳ್ಳುತ್ತಾನೆ. ಈಜಿಪ್ಟ್ ಎಷ್ಟು ದೂರದಲ್ಲಿದೆಯೆಂದು ತಿಳಿದ ಮೇಲೆ ಸಮಾಧಾನವಾಯಿತೆಂದು ಅದೇ ಪತ್ರದಲ್ಲಿ ಬರೆಯುತ್ತಾನೆ.

ಆದರೆ ಎಲ್ಲ ಮಾತೂ ಕೊನೆಗೆ ಬಂದು ನಿಲ್ಲುವುದು ಚಿನ್ನದ ಬಳಿ. ನೈಲ್ ನದಿಯ ಪೂರ್ವದ ಮರುಭೂಮಿಯ ಮತ್ತು ನ್ಯೂಬಿಯಾದ ಗಣಿಗಳು ಫೇರೋನ ವಶದಲ್ಲಿದ್ದವು. ಅಸ್ಸೀರಿಯಾದ ಅಶ್ಶುರ್-ಉಬಲ್ಲಿತ್, ನಿನ್ನ ನಾಡಿನಲ್ಲಿ ಚಿನ್ನವೆಂದರೆ ಬೀದಿಯ ಧೂಳು, ಬಾಚಿಕೊಂಡರಾಯಿತು ಎಂಬ ಅರ್ಥ ಬರುವಂತೆ ಬರೆದು, ತನಗೆ ಬಂದದ್ದು ದೂತರ ದಾರಿಖರ್ಚಿಗೂ ಸಾಲದೆಂದು ದೂರುತ್ತಾನೆ. ಬುರ್ನ-ಬುರಿಯಾಶ್ ತನಗೆ ಬಂದ ಇಪ್ಪತ್ತು ಮಿನಾ (ಒಂದು ಮಿನಾ ಸುಮಾರು ಅರ್ಧ ಕಿಲೋ) ತೂಕದ ಚಿನ್ನವನ್ನು ಕುಲುಮೆಗೆ ಹಾಕಿಸಿದಾಗ ಐದು ಮಿನಾ ಕೂಡ ಉಳಿಯಲಿಲ್ಲವೆಂದು ತಿಳಿಸುತ್ತಾನೆ. ಮಿತನ್ನಿಯ ತುಶ್ರತ್ತನ ಅಳಲು ಇನ್ನೂ ದೊಡ್ಡದು. ಮೂರನೆಯ ಅಮೆನ್‌ಹೋಟೆಪ್ ಎರಕದ ಚಿನ್ನದ ಪ್ರತಿಮೆಗಳನ್ನು ಕೊಡುವುದಾಗಿ ಮಾತು ಕೊಟ್ಟಿದ್ದ. ಮಗ ಅಖೆನಾಟೆನ್ ಕಳುಹಿಸಿದ್ದು ಚಿನ್ನದ ತಗಡು ಹೊದಿಸಿದ ಮರದ ಪ್ರತಿಮೆಗಳನ್ನು. ಈ ವಿಷಯವನ್ನು ತುಶ್ರತ್ತನು ಹೊಸ ಫೇರೋನಿಗೆ ಮಾತ್ರವಲ್ಲ, ಅವನ ತಾಯಿ ತೀಯೆಗೂ ಬರೆದು, ತನಗೂ ಅಮೆನ್‌ಹೋಟೆಪನಿಗೂ ನಡೆದ ಮಾತುಕತೆಗೆ ನೀನೇ ಸಾಕ್ಷಿಯೆಂದು ನೆನಪಿಸಿದ. (ಈ ಮಿತನ್ನಿಯೇ ಭಾರತೀಯ ಓದುಗರಿಗೆ ಇನ್ನೊಂದು ಕಾರಣದಿಂದ ಪರಿಚಿತ: ತುಶ್ರತ್ತನ ಮಗ ಹಿಟ್ಟೈಟರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ.)

ಇಂಥ ಪತ್ರಗಳನ್ನು ಓದಿ ಈ ಅರಸರನ್ನು ದುರಾಸೆಯವರೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಉಡುಗೊರೆಗಳು ಬರುತ್ತಿದ್ದದ್ದು ಗುಟ್ಟಾಗಿಯಲ್ಲ. ತುಶ್ರತ್ತನ ಆಸ್ಥಾನದಲ್ಲಿ ಪರದೇಶಗಳ ಅತಿಥಿಗಳ ಎದುರಿನಲ್ಲೇ ಅವನ್ನು ಬಿಚ್ಚಿ ತೋರಿಸಲಾಗುತ್ತಿತ್ತು. ಬಂದ ಚಿನ್ನದ ತೂಕವೇ ಒಬ್ಬ ಅರಸನಿಗೆ ಲೋಕದಲ್ಲಿರುವ ಸ್ಥಾನದ ತೂಕವಾಗಿತ್ತು. ಹೀಗಿರುವಾಗ ಚಿನ್ನವನ್ನು ಕೊಡುವುದರಲ್ಲಿ ಎಷ್ಟು ಬಲವಿತ್ತೋ ತಡೆಹಿಡಿಯುವುದರಲ್ಲಿಯೂ ಅಷ್ಟೇ ಬಲವಿತ್ತು. ಸೈನ್ಯ ಹೊರಡಿಸದೆಯೇ ದೂರದ ದೊರೆಗಳನ್ನು ಕಾಯಿಸುವ, ಓಲೈಸುವ, ಕುಗ್ಗಿಸುವ ಶಕ್ತಿ ಫೇರೋನಿಗೆ ದಕ್ಕಿದ್ದು ಹೀಗೆ.

ಮದುವೆಗಳಲ್ಲಿ ಈ ಶಕ್ತಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಮೆನ್‌ಹೋಟೆಪನ ಆಳ್ವಿಕೆಯ ಹತ್ತನೆಯ ವರ್ಷದಲ್ಲಿ ಮಿತನ್ನಿಯ ರಾಜಕುಮಾರಿ ಗಿಲುಖೆಪಾ 317 ಮಂದಿ ಪರಿಚಾರಿಕೆಯರೊಡನೆ ಈಜಿಪ್ಟಿಗೆ ಬಂದಳು. ಅವನು ಆ ಸುದ್ದಿಯನ್ನು ಜೀರುಂಡೆಯಾಕಾರದ ಮುದ್ರೆಗಳ ಮೇಲೆ ಕೆತ್ತಿಸಿ ಹಂಚಿದ. ಬ್ಯಾಬಿಲೋನಿನ ಕದಶ್ಮನ್-ಎನ್ಲಿಲನ ಸಹೋದರಿಯೂ ಅವನ ಅಂತಃಪುರ ಸೇರಿದ್ದಳು. ಆಕೆ ಬದುಕಿದ್ದಾಳೆಯೇ ಎಂಬುದನ್ನೇ ತನ್ನ ದೂತರು ಖಚಿತಪಡಿಸಿಕೊಳ್ಳಲಾಗಲಿಲ್ಲವೆಂದು ಅಣ್ಣ ಆತಂಕಪಟ್ಟರೆ, ಅವಳ ಗುರುತು ಬಲ್ಲ ಗಣ್ಯನೊಬ್ಬನನ್ನು ನೀನು ಕಳುಹಿಸಲೇ ಇಲ್ಲವಲ್ಲ ಎಂದು ಫೇರೋ ಉತ್ತರಿಸುತ್ತಾನೆ. ಆ ಹೆಣ್ಣುಮಗಳ ಸ್ವಂತ ಮಾತು ಒಂದೂ ನಮಗೆ ಉಳಿದಿಲ್ಲವೆಂಬುದು ಈ ಕಡತದ ಅತ್ಯಂತ ನೋವಿನ ಸಂಗತಿ. ಅದೇ ಕದಶ್ಮನ್-ಎನ್ಲಿಲ್ ಪ್ರತಿಯಾಗಿ ಈಜಿಪ್ಟಿನ ರಾಜಕುಮಾರಿಯನ್ನು ಕೇಳಿದಾಗ, ಅನಾದಿಯಿಂದ ಈಜಿಪ್ಟಿನ ಅರಸನ ಮಗಳನ್ನು ಯಾರಿಗೂ ಕೊಟ್ಟಿಲ್ಲವೆಂಬ ಉತ್ತರ ಬಂತು. ಹಾಗಾದರೆ ಯಾರಾದರೊಬ್ಬ ಸುಂದರಿಯನ್ನು ನಿನ್ನ ಮಗಳೆಂದು ಕಳುಹಿಸು, ಅವಳು ರಾಜಪುತ್ರಿಯಲ್ಲವೆಂದು ಇಲ್ಲಿ ಹೇಳುವವರು ಯಾರು ಎಂದು ಅವನು ಮತ್ತೆ ಬರೆದ. ಅದೂ ನಡೆಯಲಿಲ್ಲ. ಹೆಣ್ಣು ತರುವವನು ಮೇಲು, ಕೊಡುವವನು ಕೆಳಗೆ ಎಂಬ ಎಣಿಕೆಯಲ್ಲಿ ಫೇರೋ ಒಂದು ಹೆಜ್ಜೆಯನ್ನೂ ಬಿಟ್ಟುಕೊಡಲಿಲ್ಲ.

ಕಾನಾನ್ (ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್, ಲೆಬನಾನ್ ಪ್ರದೇಶ) ಮತ್ತು ಸಿರಿಯಾದ ಸಣ್ಣ ಸಾಮಂತರ ಪತ್ರಗಳ ಧಾಟಿಯೇ ಬೇರೆ. ಅವರು ‘ಏಳು ಬಾರಿ, ಮತ್ತೆ ಏಳು ಬಾರಿ’ ಪಾದಕ್ಕೆರಗುತ್ತಾರೆ. ಬಿಬ್ಲೋಸಿನ ರಿಬ್-ಹದ್ದ ನೆರೆಯ ಅಮುರ್ರುವಿನವರ ದಾಳಿಯಿಂದ ಕಾಪಾಡೆಂದು ಎಷ್ಟು ಬಾರಿ ಬರೆದನೆಂದರೆ, ಉಳಿದೆಲ್ಲ ನಗರಾಧಿಪತಿಗಳಿಗಿಂತ ನೀನೇ ಹೆಚ್ಚು ಬರೆಯುತ್ತೀಯೆಂಬ ಆಕ್ಷೇಪಣೆ ಅರಮನೆಯಿಂದ ಬಂತು. ಕೊನೆಗೆ ಅವನನ್ನು ಸ್ವಂತ ತಮ್ಮನೇ ಊರಿನಿಂದ ಹೊರಹಾಕಿದ.

ಹೆಣ್ಣು ಕೊಡದ ಆ ಹಟ ಕೆಲವೇ ದಶಕಗಳಲ್ಲಿ ತಲೆಕೆಳಗಾಗುವ ಹಂತ ತಲುಪಿತು. ಗಂಡುಮಕ್ಕಳಿಲ್ಲದೆ ಫೇರೋ ತೀರಿಕೊಂಡಾಗ ಅವನ ವಿಧವೆ ಹಿಟ್ಟೈಟ್ ಚಕ್ರವರ್ತಿ ಸುಪ್ಪಿಲುಲಿಯುಮನಿಗೆ ಪತ್ರ ಬರೆದು, ನಿನ್ನ ಮಗನೊಬ್ಬನನ್ನು ಕೊಡು, ಅವನು ನನ್ನ ಪತಿಯೂ ಈಜಿಪ್ಟಿನ ಅರಸನೂ ಆಗುತ್ತಾನೆ ಎಂದಳು. ತೀರಿಕೊಂಡವನು ತುತಾಂಖಾಮುನ್ ಎಂದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಇಂಥದ್ದನ್ನು ಜೀವಮಾನದಲ್ಲಿ ಕೇಳಿಲ್ಲವೆಂದು ಸುಪ್ಪಿಲುಲಿಯುಮ ಬೆರಗಾಗಿ, ಮೊದಲು ತನ್ನ ಅಧಿಕಾರಿಯನ್ನು ಕಳುಹಿಸಿ ವಿಚಾರಿಸಿ, ಬಳಿಕ ಮಗ ಝನ್ನಂಝನನ್ನು ಕಳುಹಿಸಿದ. ರಾಜಕುಮಾರ ಸತ್ತ ಸುದ್ದಿ ಹಿಂದಿರುಗಿತು. ಹಿಟ್ಟೈಟರು ಅದನ್ನು ಕೊಲೆಯೆಂದು ಪರಿಗಣಿಸಿ ಯುದ್ಧಕ್ಕೆ ಹೊರಟರು. ಈ ಪ್ರಸಂಗವನ್ನು ನಮಗೆ ಉಳಿಸಿಕೊಟ್ಟಿರುವುದು ಹಿಟ್ಟೈಟರ ದಾಖಲೆಗಳು. ಈಜಿಪ್ಟಿನ ಶಿಲೆಗಳು ಮೌನವಾಗಿವೆ.

ಹಗೆ ಬೆಳೆದು ಕ್ರಿ.ಪೂ. 1274ರಲ್ಲಿ ಸಿರಿಯಾದ ಕಾದೇಶ್ ನಗರದ ಬಳಿ ಯುದ್ಧವಾಯಿತು. ಎರಡನೆಯ ರಾಮ್ಸೆಸ್ ಅದನ್ನು ತನ್ನ ಏಕಾಂಗಿ ವಿಜಯವೆಂದು ಗುಡಿಯಿಂದ ಗುಡಿಗೆ ಕೆತ್ತಿಸಿದ. ನಗರ ಮಾತ್ರ ಹಿಟ್ಟೈಟರ ಕೈಯಲ್ಲೇ ಉಳಿಯಿತು. ಕ್ರಿ.ಪೂ. 1259ರಲ್ಲಿ ಅವನಿಗೂ ಹಿಟ್ಟೈಟರ ಅರಸ ಮೂರನೆಯ ಹತ್ತುಸಿಲಿಗೂ ಆದ ಶಾಂತಿ ಒಪ್ಪಂದದಲ್ಲಿ ಪರಸ್ಪರ ಸೈನಿಕ ನೆರವಿನ ಭರವಸೆಯಿದೆ. ಮರಳಿ ಒಪ್ಪಿಸಲಾದ ಪರಾರಿಗಳ ಕಣ್ಣು, ಕಿವಿ, ಬಾಯಿ, ಕಾಲುಗಳಿಗೆ ಹಾನಿ ಮಾಡಬಾರದೆಂಬ ಮಾನವೀಯ ಷರತ್ತೂ ಇದೆ. ಅದರ ಈಜಿಪ್ಟಿಯನ್ ಪಾಠ ಕಾರ್ನಾಕಿನ ಗೋಡೆಯ ಮೇಲಿದ್ದು, ಹಿಟ್ಟೈಟ್ ದೂತರು ಶಾಂತಿ ಬೇಡಿ ಬಂದರೆಂಬ ಪೀಠಿಕೆಯೊಂದಿಗೆ ತೊಡಗುತ್ತದೆ. ಅಕ್ಕಾಡಿಯನ್ ಪಾಠದ ಮಣ್ಣಿನ ಫಲಕಗಳು ಹಿಟ್ಟೈಟರ ರಾಜಧಾನಿ ಹತ್ತುಸದಲ್ಲಿ ಸಿಕ್ಕಿವೆ.

ರಾಮ್ಸೆಸನ ಆಳ್ವಿಕೆಯ 34ನೆಯ ವರ್ಷದಲ್ಲಿ ಹತ್ತುಸಿಲಿಯ ಮಗಳು ಅವನ ರಾಣಿಯಾಗಿ ಬಂದಳು. ಅಬು ಸಿಂಬೆಲಿನ ಶಾಸನದ ಪ್ರಕಾರ ಅದು ಬರಗಾಲದಿಂದಲೂ ಫೇರೋನ ಭಯದಿಂದಲೂ ಕಂಗೆಟ್ಟ ಅರಸನೊಬ್ಬ ಸರ್ವಸ್ವದ ಜೊತೆಗೆ ಹಿರಿಯ ಮಗಳನ್ನೂ ಒಪ್ಪಿಸಿದ ಘಟನೆ. ಹತ್ತುಸದ ಮಣ್ಣಿನ ಫಲಕದಲ್ಲಿರುವ, ಹತ್ತುಸಿಲಿಯ ರಾಣಿ ಪುದುಖೆಪಾಳ ಪತ್ರವನ್ನು ಓದಿದರೆ, ವಧುವನ್ನು ಕಳುಹಿಸಲು ತಡವೇಕೆಂದು ರಾಮ್ಸೆಸನೇ ಒತ್ತಾಯಿಸುತ್ತಿದ್ದುದು ತಿಳಿಯುತ್ತದೆ. ಹತ್ತಿ ನಾಡಿನ ಭಂಡಾರ ಬೆಂಕಿಗೆ ಆಹುತಿಯಾಗಿದೆಯೆಂದು ಆಕೆ ಕಾರಣ ಕೊಡುತ್ತಾಳೆ. ನನ್ನ ಸಹೋದರನ ಬಳಿ ಏನೂ ಇಲ್ಲವೇ, ನನ್ನಿಂದ ಪಡೆದು ಸಿರಿವಂತನಾಗಬೇಕೆಂಬುದು ನಿನ್ನ ಹೆಸರಿಗೂ ಘನತೆಗೂ ತಕ್ಕುದಲ್ಲ ಎಂದು ಈಜಿಪ್ಟಿನ ಫೇರೋನಿಗೆ ನೇರವಾಗಿ ಬುದ್ಧಿ ಹೇಳುತ್ತಾಳೆ.