ಮಾತ್ರೆಗೆ ಮಿತಿ ಬೆಲೆ ಇದೆ, ಆದರೂ ದುಬಾರಿ ಯಾಕೆ?

"ಅದೇ ಮಾತ್ರೆ ಅಲ್ವಾ ಸರ್, ಅಲ್ಲಿ ಕಮ್ಮಿ, ನಿಮ್ಮಲ್ಲಿ ಯಾಕೆ ಜಾಸ್ತಿ?" ಜನೌಷಧಿ ಕೇಂದ್ರದ ಸ್ಟ್ರಿಪ್ ಹಿಡಿದುಕೊಂಡೇ ನನ್ನ ಔಷಧಿ ಅಂಗಡಿಗೆ ಬಂದು ಕೇಳುವವರಿದ್ದಾರೆ. ಸರ್ಕಾರ ಬೆಲೆಗೆ ಮಿತಿ ಹಾಕಿದೆಯಲ್ಲ ಅನ್ನುತ್ತಾರೆ. ಹಾಕಿರುವುದು ನಿಜ. ಆದರೆ ಆ ಮಿತಿ ಎಲ್ಲಿಂದ ಬಂತು ಅಂತ ನೋಡಬೇಕು.

ಮೊದಲೆಲ್ಲ ತಯಾರಿಸಲು ತಗಲುವ ಖರ್ಚನ್ನು ಲೆಕ್ಕ ಹಾಕಿ ಬೆಲೆ ಕಟ್ಟುತ್ತಿದ್ದರು. 2013ರ ಔಷಧ ಬೆಲೆ ನಿಯಂತ್ರಣ ಆದೇಶ ಬಂದ ಮೇಲೆ ನೋಡುವುದು ಮಾರುಕಟ್ಟೆ ದರವನ್ನು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಒಂದು ಮಾತ್ರೆಯನ್ನು ಮೂರು ಕಂಪನಿಗಳು ಅಂಗಡಿಗೆ 4, 6, 11 ರೂಪಾಯಿಗೆ ಕೊಡುತ್ತವೆ ಅಂದುಕೊಳ್ಳಿ. ಸರಾಸರಿ 7. ಅದಕ್ಕೆ ಅಂಗಡಿಯವರ ಪಾಲು 16% ಸೇರಿಸಿದರೆ 8 ರೂಪಾಯಿ 12 ಪೈಸೆ. ಇದೇ ಮಿತಿ, ಜಿಎಸ್‌ಟಿ ಬೇರೆ. 11ರವರು ಇಳಿಯಲೇಬೇಕು, ಸರಿ. ಆದರೆ ಮಿತಿಯನ್ನು ಮೇಲಕ್ಕೆ ಎಳೆದವರೂ ಅವರೇ! ಮಾರುಕಟ್ಟೆಯಲ್ಲಿ 1% ಪಾಲೂ ಇಲ್ಲದ ಸಣ್ಣ ಕಂಪನಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಈ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆ ಮಾಡಲು ನಿಜಕ್ಕೂ ಎಷ್ಟು ಖರ್ಚಾಯಿತು ಅಂತ ಇಲ್ಲಿ ಯಾರೂ ಕೇಳುವುದೇ ಇಲ್ಲ.

ಪಟ್ಟಿಯ ಹೊರಗಿನ ಔಷಧಿಗಳಿಗೆ ಇಷ್ಟೂ ಇಲ್ಲ. ವರ್ಷಕ್ಕೆ 10%ಕ್ಕಿಂತ ಜಾಸ್ತಿ ಏರಿಸುವಂತಿಲ್ಲ, ಅಷ್ಟೇ.

ಮನಸ್ಸು ಮಾಡಿದರೆ ಸರ್ಕಾರದ ಕೈಯಲ್ಲಿ ಆಗುತ್ತದೆ. ಲಕ್ಷ ರೂಪಾಯಿ ದಾಟುತ್ತಿದ್ದ ಔಷಧಲೇಪಿತ ಹೃದಯದ ಸ್ಟೆಂಟ್ 2017ರ ಫೆಬ್ರುವರಿಯಲ್ಲಿ 30,000ದ ಒಳಗೆ ಬಂತು. 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭವನ್ನು 30%ಕ್ಕೆ ನಿಲ್ಲಿಸಿದರು. ಮಧ್ಯದವರ ಲಾಭಕ್ಕೆ ಕೈಹಾಕುವ ಈ ದಾರಿಯೇ ನನಗೆ ಸರಿ ಕಾಣುತ್ತದೆ. ನಾವು ಅಂಗಡಿಯವರು ಸ್ವಲ್ಪ ಗೊಣಗುತ್ತೇವೆ, ಗೊಣಗಲಿ ಬಿಡಿ.

"ಹಾಗಾದ್ರೆ ಅಗ್ಗದ್ದನ್ನೇ ಕೊಡಿ" ಅಂದರೆ ನನ್ನ ಕೈ ಕಟ್ಟಿದೆ. ಚೀಟಿಯಲ್ಲಿ ಒಂದು ಬ್ರ್ಯಾಂಡ್ ಬರೆದಿದ್ದರೆ, ಷೆಡ್ಯೂಲ್ ಎಚ್ ಔಷಧಿಗಳಲ್ಲಿ (ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳು) ಅದರ ಬದಲು ಇನ್ನೊಂದನ್ನು ಕೊಡಲು ಔಷಧ ನಿಯಮ ಬಿಡುವುದಿಲ್ಲ, ಒಳಗಿರುವ ಔಷಧಿ ಒಂದೇ ಆಗಿದ್ದರೂ. ಅದಕ್ಕೇ ಡಾಕ್ಟರ ಎದುರು ಕೂತಾಗಲೇ "ಜನರಿಕ್ ಹೆಸರು ಬರೆದುಕೊಡಿ" ಅಂತ ಕೇಳಿ, ಅಂದರೆ ಬ್ರ್ಯಾಂಡ್ ಬದಲು ಒಳಗಿರುವ ಔಷಧಿಯ ಹೆಸರು. ಕೇಳಲು ಸಂಕೋಚ ಬೇಡ.

ಮಿತಿ ಎಷ್ಟಿದೆ ಅಂತ ಸರ್ಕಾರದ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ನೋಡಬಹುದು. ಅದಕ್ಕಿಂತ ಜಾಸ್ತಿ ಎಂಆರ್‌ಪಿ ಹಾಕಿ ಮಾರಿದ ಕಂಪನಿಯಿಂದ ಹೆಚ್ಚುವರಿ ಹಣವನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ. ಅದು ಹೋಗುವುದು ಸರ್ಕಾರದ ಖಜಾನೆಗೆ. ಮಾತ್ರೆ ಕೊಂಡವರಿಗೆ ಅದರಲ್ಲಿ ಒಂದು ಪೈಸೆಯೂ ವಾಪಸ್ ಬರುವುದಿಲ್ಲ.