ಅಮೆರಿಕದ ದಿಮ್ಮಿ ಮನೆ ಸ್ವೀಡನ್ನಿನಿಂದ ಬಂದದ್ದೇ?

ಓದುಗರ ಪ್ರಶ್ನೆ: ಅಮೆರಿಕದ ಹಳೇ ಚಿತ್ರಗಳಲ್ಲಿ ಮರದ ದಿಮ್ಮಿ ಪೇರಿಸಿ ಕಟ್ಟಿದ ಮನೆ ಕಾಣುತ್ತದಲ್ಲ, ಅದನ್ನು ಅಲ್ಲಿಗೆ ತಂದವರು ಇಂಗ್ಲಿಷರಾ, ಸ್ವೀಡನ್ನಿನವರಾ?

ಇಂಗ್ಲಿಷರಲ್ಲ. 1607ರಲ್ಲಿ ಜೇಮ್ಸ್‌ಟೌನ್‌ಗೆ, 1620ರಲ್ಲಿ ಪ್ಲಿಮತ್‌ಗೆ ಬಂದಿಳಿದವರು ತಮ್ಮೂರಿನ ರೀತಿಯಲ್ಲೇ ಮನೆ ಕಟ್ಟಿಕೊಂಡರು. ಕಂಬ-ತೊಲೆಗಳ ಚೌಕಟ್ಟು ನಿಲ್ಲಿಸಿ, ಅದಕ್ಕೆ ಹಲಗೆ ಹೊಡೆಯುವುದು ಇಲ್ಲವೇ ಮಣ್ಣು ಮೆತ್ತುವುದು ಅವರ ಪದ್ಧತಿ.

1638ರಲ್ಲಿ ಸ್ವೀಡನ್ ಡೆಲವೇರ್ ನದಿಯ ದಡದಲ್ಲಿ, ಇಂದಿನ ವಿಲ್ಮಿಂಗ್ಟನ್ ಇರುವ ಕಡೆ, ‘ನ್ಯೂ ಸ್ವೀಡನ್’ ಎಂಬ ವಸಾಹತು ಹೂಡಿತು. ದಿಮ್ಮಿ ಮನೆ ಇವರ ಜೊತೆ ಬಂತು. 1655ರಲ್ಲಿ ಡಚ್ಚರು ವಸಾಹತನ್ನು ಕಿತ್ತುಕೊಂಡರು. ಜನ ಅಲ್ಲೇ ಉಳಿದರು, ಅವರ ವಿದ್ಯೆಯೂ ಉಳಿಯಿತು.

ಆದರೆ ಇವರನ್ನೆಲ್ಲ ಸುಮ್ನೆ ‘ಸ್ವೀಡನ್ನಿನವರು’ ಅಂದುಬಿಟ್ಟರೆ ಅನ್ಯಾಯವಾಗುತ್ತದೆ. ಅವರಲ್ಲಿ ಬಹಳ ಮಂದಿ ಫಿನ್ನರು, ಅಂದರೆ ಫಿನ್‌ಲ್ಯಾಂಡ್ ಮೂಲದವರು. ಸ್ವೀಡನ್ನಿನ ವೆರ್ಮ್‌ಲ್ಯಾಂಡ್‌ನಂಥ ಕಾಡುಸೀಮೆಗಳಲ್ಲಿ ಮರ ಕಡಿದು, ಸುಟ್ಟು, ಆ ಬೂದಿಯಲ್ಲಿ ರೈ ಎಂಬ ಧಾನ್ಯ ಬೆಳೆಯುತ್ತಿದ್ದವರು. ನಮ್ಮ ಕುಮರಿ ಬೇಸಾಯದ ಹಾಗೆಯೇ. ಬರೀ ಕೊಡಲಿ ಹಿಡಿದು ಮನೆ ಎಬ್ಬಿಸುವುದು ಅವರಿಗೆ ಕೈಬಂದ ಕೆಲಸ. ಹೊಗಳಿಕೆಯ ದೊಡ್ಡ ಪಾಲು ಅವರಿಗೇ ಸಲ್ಲಬೇಕು.

ಈ ಕೆಲಸದ ಜಾಣ್ಮೆ ಇರುವುದು ಮೂಲೆಯಲ್ಲಿ. ಎರಡು ಗೋಡೆ ಸೇರುವ ಕಡೆ ಪ್ರತಿ ದಿಮ್ಮಿಗೂ ಕಚ್ಚು ಕಡಿದು, ಒಂದರೊಳಗೊಂದು ಕೂರಿಸುತ್ತಾರೆ. ಮೊಳೆ ಬೇಕಿಲ್ಲ. ಮೇಲಿನ ಭಾರವೇ ಗೋಡೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಕಬ್ಬಿಣ ದುಬಾರಿ, ಮರ ಬೇಕಾದಷ್ಟು ಇದ್ದ ಕಾಡಿನಲ್ಲಿ ಇದಕ್ಕಿಂತ ಒಳ್ಳೆ ಉಪಾಯ ಯಾವುದಿತ್ತು?

ತಾಯ್ನಾಡಿನ ನುರಿತ ಬಡಗಿ ಇನ್ನೂ ನಾಜೂಕಾಗಿ ಕಟ್ಟುತ್ತಿದ್ದ. ಎರಡು ಮೊನೆಯ ಕಬ್ಬಿಣದ ಸಾಧನವೊಂದನ್ನು ದಿಮ್ಮಿಗಳ ಉದ್ದಕ್ಕೂ ಎಳೆದು, ಕೆಳಗಿನದರ ಉಬ್ಬುತಗ್ಗುಗಳನ್ನು ಮೇಲಿನದರ ಮೇಲೆ ಗೀರುತ್ತಿದ್ದ. ಆ ಗೀರಿನಂತೆ ಮೇಲಿನ ದಿಮ್ಮಿಯ ಅಡಿಯನ್ನು ತೋಡಿ, ನಡುವೆ ಪಾಚಿ ತುಂಬಿ ಕೂರಿಸಿದರೆ ಚಳಿಗಾಳಿ ನುಸುಳಲು ಸಂದೇ ಇರುತ್ತಿರಲಿಲ್ಲ. ಇದಕ್ಕೆ ಸಮಯ ಜಾಸ್ತಿ ಬೇಕು. ಅಮೆರಿಕದ ಗಡಿನಾಡಿನಲ್ಲಿ ಚಳಿಗಾಲಕ್ಕೆ ಮುಂಚೆ ತಲೆ ಮೇಲೊಂದು ಸೂರು ಆಗಬೇಕಿತ್ತು. ಹಾಗಾಗಿ ಅಲ್ಲಿ ಸಂದು ಬಿಟ್ಟು ಕಟ್ಟಿ, ಮರದ ಚಕ್ಕೆ ತುರುಕಿ ಮಣ್ಣು ಮೆತ್ತುವುದೇ ರೂಢಿಯಾಯಿತು.

ಆಮೇಲೆ ಪೆನ್ಸಿಲ್ವೇನಿಯಾಕ್ಕೆ ಜರ್ಮನ್ನರು ತಮ್ಮದೇ ದಿಮ್ಮಿ ಕೆಲಸ ತಂದರು. ಐರ್ಲೆಂಡಿನ ಉತ್ತರದಿಂದ ಬಂದ ಸ್ಕಾಟ್ ಮೂಲದವರು ಅಲ್ಲಿ ಇದನ್ನು ಕಲಿತು ಅಪಲೇಚಿಯನ್ ಬೆಟ್ಟಗಳಿಗೆ ಒಯ್ದರು. 19ನೇ ಶತಮಾನದಲ್ಲಿ ಸ್ವೀಡನ್ನಿನಿಂದ ಮತ್ತೆ ಲಕ್ಷಗಟ್ಟಲೆ ಜನ ವಲಸೆ ಬಂದಾಗ, ಮಿನ್ನೆಸೋಟಾದಂಥ ಕಡೆ ಆ ಸಂದಿಲ್ಲದ ಗೋಡೆಗಳೂ ಎದ್ದವು.

ಫಿಲಡೆಲ್ಫಿಯಾ ಸುತ್ತಮುತ್ತ ಇರುವ ಕನ್ನಡಿಗರು ಡ್ರೆಕ್ಸೆಲ್ ಹಿಲ್‌ನ ‘ಲೋವರ್ ಸ್ವೀಡಿಷ್ ಕ್ಯಾಬಿನ್’ ನೋಡಿ ಬರಬಹುದು. ಡಾರ್ಬಿ ಹಳ್ಳದ ಪಕ್ಕದಲ್ಲಿದೆ. ಹೋದಾಗ ಮೂಲೆಯ ಕಚ್ಚುಗಳನ್ನು ಹತ್ತಿರದಿಂದ ಗಮನಿಸಿ.