‘ವಿಕೆಡ್’ ಪುಸ್ತಕ ಮಗಳಿಗೆ ಕೊಡಬಹುದಾ? ಮತ್ತು ಆ ಹಸಿರು ಮಾಟಗಾತಿ ಎಲ್ಲಿಂದ ಬಂದಳು?

ಪ್ರಶ್ನೆ: “ಸರ್, ಮಗಳಿಗೆ ಹತ್ತು ವರ್ಷ. ‘ವಿಕೆಡ್’ ಸಿನಿಮಾ ನೋಡಿದಾಗಿನಿಂದ ಮನೆಯಲ್ಲಿ ಅದೇ ಹಾಡು. ಪುಸ್ತಕವೂ ಇದೆ ಅಂತ ಗೊತ್ತಾಗಿ ತರಿಸಿದೆ. ಅವಳ ಕೈಗೆ ಕೊಡುವ ಮುಂಚೆ ಸುಮ್ನೆ ತಿರುವಿ ಹಾಕಿದೆ, ಗಾಬರಿಯಾಯ್ತು. ಅಷ್ಟು ಚೆಂದದ ಮಕ್ಕಳ ಕತೆಯನ್ನು ಈ ಲೇಖಕರು ಯಾಕೆ ಹೀಗೆ ಕೆಡಿಸಿದ್ದಾರೆ?”

2024ರ ನವೆಂಬರಿನಲ್ಲಿ ಮೊದಲ ಸಿನಿಮಾ ಬಂದಾಗ ಈ ಪ್ರಶ್ನೆ ಶುರುವಾಯ್ತು. 2025ರ ನವೆಂಬರಿನಲ್ಲಿ ಎರಡನೆಯದು ಬಂದಾಗ ಮತ್ತೆ ಬಂತು. ಎಷ್ಟು ಜನಕ್ಕೆ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸಿಬಿಡುತ್ತೇನೆ.

ಮೊದಲು ಚಿಕ್ಕ ಉತ್ತರ. ಕೊಡಬೇಡಿ. ಗ್ರೆಗರಿ ಮಗ್ವೈರ್ 1995ರಲ್ಲಿ ಬರೆದ ಈ ಕಾದಂಬರಿ ದೊಡ್ಡವರಿಗೆ ಬರೆದದ್ದು. ಶುರುವಿನ ಪುಟಗಳಲ್ಲೇ ಮಾಟಗಾತಿ ಮರದ ಮೇಲೆ ಅಡಗಿ ಕೂತು ಕೇಳಿಸಿಕೊಳ್ಳುತ್ತಿದ್ದಾಳೆ. ಕೆಳಗೆ ಡೊರೊಥಿ ಅನ್ನುವ ಹುಡುಗಿಯ, ಅಂದರೆ ಮೂಲ ಕತೆಯ ನಾಯಕಿಯ, ಜೊತೆಗಾರರು ಈ ಮಾಟಗಾತಿಯ ಬಗ್ಗೆಯೇ ಹರಟೆ ಹೊಡೆಯುತ್ತಿದ್ದಾರೆ, ಅವಳು ಹುಟ್ಟಿದಾಗ ಗಂಡೋ ಹೆಣ್ಣೋ ಅಂತ. ಅಲ್ಲಿಂದ ಮುಂದೆ ಹಾದರ, ಕೊಲೆ, ಧರ್ಮದ ಜಗಳ, ಗುಪ್ತ ಪೊಲೀಸರು ಎಲ್ಲ ಇದೆ. ಹಾಡು ಒಂದೂ ಇಲ್ಲ. ಹಾಡುಗಳು ಬಂದದ್ದು 2003ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಇದು ಸಂಗೀತ ನಾಟಕವಾದಾಗ. ನಿಮ್ಮ ಮಗಳು ನೋಡಿದ್ದು ಆ ನಾಟಕದ ಸಿನಿಮಾ. ನಾಟಕದಲ್ಲಿ ಬದುಕಿ ಉಳಿಯುವ ಇಬ್ಬರು ಮುಖ್ಯ ಪಾತ್ರಗಳು ಕಾದಂಬರಿಯಲ್ಲಿ ಸಾಯುತ್ತವೆ, ಸಾಕಾ?

ಗೊಂದಲ ನಿಮ್ಮದೊಬ್ಬರದೇ ಅಲ್ಲ. ಒಂದು ಪುಸ್ತಕದಂಗಡಿಯಲ್ಲಿ ಇದೇ ಕಾದಂಬರಿಯನ್ನು ಮಕ್ಕಳ ರ‍್ಯಾಕಿನಲ್ಲಿ, ಬಣ್ಣ ತುಂಬುವ ಪುಸ್ತಕಗಳ ಪಕ್ಕ ಇಟ್ಟಿದ್ದನ್ನು ನಾನೇ ಕಂಡಿದ್ದೇನೆ. ಅಲ್ಲಿದ್ದ ಹುಡುಗನಿಗೆ ಹೇಳಿದೆ. “ಮಾಟಗಾತಿ ಕತೆ ಅಲ್ವಾ ಸರ್” ಅಂದ. ಸಾಲದ್ದಕ್ಕೆ ಮಗ್ವೈರ್ ನಿಜಕ್ಕೂ ಮಕ್ಕಳಿಗೂ ಬರೆಯುತ್ತಾರೆ. 1978ರ ಅವರ ಮೊದಲ ಪುಸ್ತಕ ಮಕ್ಕಳದ್ದೇ. ಮಕ್ಕಳ ಸಾಹಿತ್ಯವನ್ನು ಕಾಲೇಜಿನಲ್ಲಿ ಪಾಠ ಮಾಡಿದವರು, ಅದರ ಮೇಲೆಯೇ ಡಾಕ್ಟರೇಟ್ ಮಾಡಿದವರು. ಮಕ್ಕಳ ಕತೆ ಅಂದ್ರೆ ಏನು ಅಂತ ಗೊತ್ತಿಲ್ಲದೆ ಕೈ ಹಾಕಿದವರಲ್ಲ.

ಈಗ ‘ಕೆಡಿಸಿದ್ದಾರೆ’ ಅನ್ನುವ ಮಾತಿಗೆ ಬರೋಣ. ನನಗೆ ತಲೆನೋವು ತರಿಸುವುದು ಇದೇ. ಮೂಲದಲ್ಲಿ ಒಬ್ಬಳು ಹಸಿರು ಮೈಯ, ಕೊಕ್ಕೆ ಮೂಗಿನ, ಪೊರಕೆ ಮೇಲೆ ಹಾರುವ ಮಾಟಗಾತಿ ಇದ್ದಳು, ಈ ಮಹಾನುಭಾವರು ಬಂದು ಅವಳನ್ನು ಒಳ್ಳೆಯವಳು ಮಾಡಿ ಕತೆಯನ್ನು ತಲೆಕೆಳಗು ಮಾಡಿದರು ಅಂತ ಎಲ್ಲರ ನಂಬಿಕೆ. ಯಾವ ಮೂಲ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಯಾಕೆಂದರೆ ಮೂಲವನ್ನು ಓದಿದವರು ಕಡಿಮೆ.

ಮೂಲ ಪುಸ್ತಕ ಎಲ್. ಫ್ರ್ಯಾಂಕ್ ಬಾಮ್ ಬರೆದದ್ದು. ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಜ್’, 1900, ಷಿಕಾಗೊ. ಒಟ್ಟು 24 ಅಧ್ಯಾಯ. ನಮ್ಮ ಈ ಮಾಟಗಾತಿ, ಅಲ್ಲಿ ಅವಳು ಬರೀ ‘ಪಶ್ಚಿಮದ ಮಾಟಗಾತಿ’, ನಮ್ಮ ಕಣ್ಣಿಗೆ ಬೀಳುವುದು ಹನ್ನೆರಡನೆಯ ಅಧ್ಯಾಯದಲ್ಲಿ. ಸಾಯುವುದೂ ಅದೇ ಅಧ್ಯಾಯದಲ್ಲಿ. ಬಂದಳು, ಸತ್ತಳು, ಮುಗೀತು. ಹೆಸರಿಲ್ಲ. ಅವಳು ಯಾರ ಮಗಳು, ಯಾಕೆ ಕೆಟ್ಟವಳಾದಳು, ಒಂದಕ್ಷರ ಇಲ್ಲ. ಡೊರೊಥಿಯ ಮನೆ ಬಿದ್ದು ಸತ್ತ ಪೂರ್ವದ ಮಾಟಗಾತಿ ಅವಳ ತಂಗಿಯೂ ಅಲ್ಲ ಅಕ್ಕನೂ ಅಲ್ಲ, ಬಾಮ್ ಹಾಗೆ ಹೇಳಿಯೇ ಇಲ್ಲ.

ಹಸಿರು? ಅವಳ ಮೈ ಹಸಿರು ಅಂತ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಮತ್ತೆ ಹೇಳುತ್ತೇನೆ, ಎಲ್ಲೂ ಇಲ್ಲ. ಹಸಿರಿರುವುದು ಪಚ್ಚೆಯ ಪಟ್ಟಣ, ಅದೂ ಅಲ್ಲಿ ಎಲ್ಲರಿಗೂ ಹಾಕಿಸುವ ಹಸಿರು ಕನ್ನಡಕದ ಮಹಿಮೆ. ಮಾಟಗಾತಿಯ ಬಗ್ಗೆ ಬಾಮ್ ಹೇಳುವುದು ಅವಳಿಗೆ ಒಂದೇ ಕಣ್ಣು, ಆದರೆ ಅದು ದುರ್ಬೀನಿನಷ್ಟು ದೂರ ನೋಡುತ್ತದೆ ಅಂತ. ಅವಳ ಕೈಯಲ್ಲಿ ಕೊಡೆ ಇದೆ. ಮೊದಲ ಮುದ್ರಣಕ್ಕೆ ಚಿತ್ರ ಬರೆದ ಡೆನ್ಸ್ಲೊ ಅವಳಿಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಜಡೆ ಹಾಕಿ ಕೂರಿಸಿದ್ದಾರೆ. ನೋಡಿದರೆ ಹೆದರಿಕೆಗಿಂತ ಜಾಸ್ತಿ ನಗು ಬರುತ್ತದೆ. ಮತ್ತೆ ಅವಳು ಅಂಜುಬುರುಕಿ. ಡೊರೊಥಿಯ ಬೆಳ್ಳಿ ಬೂಟಿನ ಮೇಲೆ ಅವಳಿಗೆ ಆಸೆ. ಹೌದು, ಬೆಳ್ಳಿ. ಕೆಂಪು ಮಾಣಿಕ್ಯದ್ದು 1939ರ ಸಿನಿಮಾದವರ ಕೆಲಸ. ಹುಡುಗಿ ಬೂಟು ಬಿಚ್ಚುವುದು ರಾತ್ರಿ ಮಲಗುವಾಗ ಮತ್ತು ಸ್ನಾನ ಮಾಡುವಾಗ ಮಾತ್ರ. ರಾತ್ರಿ ಹೋಗಿ ಕದಿಯೋಣ ಅಂದರೆ ಇವಳಿಗೆ ಕತ್ತಲೆಯ ಭಯ, ಸ್ನಾನದ ಹೊತ್ತಿಗೆ ಹೋಗೋಣ ಅಂದರೆ ನೀರಿನ ಭಯ.

ಆ ಸಾವನ್ನು ಒಂದು ಸಲ ನಿಧಾನಕ್ಕೆ ಓದಬೇಕು. ಮಾಟಗಾತಿ ಡೊರೊಥಿಗೆ ಅಡುಗೆಮನೆ ಕೆಲಸ ಹಚ್ಚಿದ್ದಾಳೆ, ಪಾತ್ರೆ ತೊಳೆಯುವುದು, ನೆಲ ಗುಡಿಸುವುದು, ಒಲೆಗೆ ಕಟ್ಟಿಗೆ ಹಾಕುವುದು. ನೆಲದ ಮೇಲೆ ಕಣ್ಣಿಗೆ ಕಾಣದ ಹಾಗೆ ಒಂದು ಕಬ್ಬಿಣದ ಸರಳು ಇಡುತ್ತಾಳೆ. ಹುಡುಗಿ ಎಡವಿ ಬೀಳುತ್ತಾಳೆ, ಒಂದು ಬೂಟು ಕಳಚುತ್ತದೆ, ಇವಳು ಅದನ್ನು ತಕ್ಷಣ ಕಾಲಿಗೆ ಏರಿಸಿಕೊಳ್ಳುತ್ತಾಳೆ. ಹುಡುಗಿಗೆ ಸಿಟ್ಟು ಬಂದು ಪಕ್ಕದಲ್ಲಿದ್ದ ಬಕೆಟ್ ನೀರನ್ನು ಎತ್ತಿ ಎರಚುತ್ತಾಳೆ. ಮಾಟಗಾತಿ ಕಂದು ಸಕ್ಕರೆಯಂತೆ ಕರಗುತ್ತಾಳೆ ಅಂತ ಬಾಮ್ ಬರೆಯುತ್ತಾರೆ, ನಾವಾದರೆ ಬೆಲ್ಲದ ಹಾಗೆ ಅನ್ನುತ್ತಿದ್ದೆವು. ಆಮೇಲೆ ಡೊರೊಥಿ ಏನು ಮಾಡುತ್ತಾಳೆ ಗೊತ್ತಾ? ಇನ್ನೊಂದು ಬಕೆಟ್ ನೀರು ತಂದು ಆ ರಾಡಿಯ ಮೇಲೆ ಸುರಿದು, ಬಾಗಿಲಾಚೆ ಗುಡಿಸಿ ಹಾಕುತ್ತಾಳೆ. ಉಳಿದ ಬೂಟನ್ನು ತೊಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿಕೊಳ್ಳುತ್ತಾಳೆ.

ಒಬ್ಬಳು ಸತ್ತಿದ್ದಾಳೆ. ಅವಳನ್ನು ಕಸದ ಹಾಗೆ ಗುಡಿಸಿ ಆಚೆ ಹಾಕಿ ಕತೆ ಮುಂದೆ ಹೋಗುತ್ತದೆ. ಅದಕ್ಕೂ ಮೊದಲು ಅದೇ ಅಧ್ಯಾಯದಲ್ಲಿ ಡೊರೊಥಿಯ ಜೊತೆಗಾರರಲ್ಲಿ ತವರದ ಮನುಷ್ಯ ಕೊಡಲಿಯಿಂದ 40 ತೋಳಗಳ ತಲೆ ಕಡಿದಿದ್ದಾನೆ, ಬೆರ್ಚಪ್ಪ 40 ಕಾಗೆಗಳ ಕತ್ತು ಮುರಿದಿದ್ದಾನೆ. ತಮಾಷೆ ಅಂದ್ರೆ, ಹಳೆಯ ಕಾಲದ ಕತೆಗಳಲ್ಲಿದ್ದ ಸಂಕಟ, ಕೆಟ್ಟ ಕನಸುಗಳನ್ನೆಲ್ಲ ತೆಗೆದು ಬರೀ ಬೆರಗು, ಸಂತೋಷ ಉಳಿಸಿಕೊಂಡಿದ್ದೇನೆ ಅಂತ ಬಾಮ್ ತಮ್ಮ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಅಂದರೆ ನೀವು ‘ಮೂಲ’ ಅನ್ನುತ್ತಿರುವ ಪುಸ್ತಕವೇ ಹಳೆಯ ಕತೆಗಳನ್ನು ತನ್ನ ಕಾಲಕ್ಕೆ ತಿದ್ದಲು ಹೊರಟದ್ದು.

ಹಾಗಾದರೆ ಹಸಿರು ಮಾಟಗಾತಿ ಎಲ್ಲಿಂದ ಬಂದಳು? ಎಂಜಿಎಂ ಸ್ಟುಡಿಯೋದವರು 1939ರಲ್ಲಿ ಮಾಡಿದ ‘ದಿ ವಿಝರ್ಡ್ ಆಫ್ ಆಜ್’ ಸಿನಿಮಾದಿಂದ. ಟೆಕ್ನಿಕಲರ್ ಬಂದ ಹೊಸದು, ಬಣ್ಣ ಕಾಣಬೇಕು. ಬೆಳ್ಳಿ ಬೂಟು ಕೆಂಪಾಯ್ತು, ಮಾಟಗಾತಿ ಹಸಿರಾದಳು, ಪೊರಕೆ ಸಿಕ್ಕಿತು, ಮನೆ ಬಿದ್ದು ಸತ್ತ ಪೂರ್ವದ ಮಾಟಗಾತಿ ಅವಳ ಸೋದರಿಯಾದಳು. ಆ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ಮೊದಲು ಶಿಶುವಿಹಾರದ ಟೀಚರ್ ಆಗಿದ್ದವರು. ಮುಖಕ್ಕೆ ಬಳಿದ ಹಸಿರು ಬಣ್ಣದಲ್ಲಿ ತಾಮ್ರದ ಅಂಶ ಇತ್ತು. ಬೆಂಕಿ-ಹೊಗೆಯ ನಡುವೆ ಮಾಯವಾಗುವ ಒಂದು ದೃಶ್ಯದಲ್ಲಿ ಅವರ ಮುಖ, ಕೈ ಸುಟ್ಟುಹೋಯಿತು. 1956ರಲ್ಲಿ ಆ ಸಿನಿಮಾ ಅಮೆರಿಕದ ಟೀವಿಯಲ್ಲಿ ಮೊದಲ ಸಲ ಬಂತು, 1959ರಿಂದ ವರ್ಷವರ್ಷ ತೋರಿಸತೊಡಗಿದರು. ಮಗ್ವೈರ್ ಹುಟ್ಟಿದ್ದು 1954ರಲ್ಲಿ. ಅವರ ವಾರಗೆಯ ಅಮೆರಿಕದ ಮಕ್ಕಳಿಗೆ ಮಾಟಗಾತಿ ಅಂದರೆ ಪುಸ್ತಕದ ಒಕ್ಕಣ್ಣಿ ಅಲ್ಲ, ಟೀವಿಯ ಹಸಿರು ಹೆಂಗಸು.

ಇಷ್ಟು ಗೊತ್ತಾದ ಮೇಲೆ ‘ಕೆಡಿಸಿದರು’ ಅನ್ನುವ ಮಾತಿಗೆ ಎಲ್ಲಿ ಜಾಗ ಇದೆ ಹೇಳಿ. ಬಾಮ್ ಬಿಟ್ಟಿದ್ದು ಒಂದು ಖಾಲಿ ಜಾಗ. ಸಿನಿಮಾ ಅದಕ್ಕೆ ಬಣ್ಣ ಬಳಿಯಿತು. ಈ ಹುಡುಗಿ ಯಾಕೆ ಹಸಿರಾಗಿ ಹುಟ್ಟಿದಳು, ಹಸಿರಾಗಿ ಹುಟ್ಟಿದ್ದಕ್ಕೆ ಊರು ಅವಳನ್ನು ಹೇಗೆ ನೋಡಿತು ಅಂತ ಮಗ್ವೈರ್ ಕೇಳಿದರು, ಅಷ್ಟೇ. ಹೆಸರಿಲ್ಲದವಳಿಗೆ ಹೆಸರನ್ನೂ ಇಟ್ಟರು, ಅದೂ ಬಾಮ್ ಅವರ ಇನಿಶಿಯಲ್ಸ್‌ನಿಂದಲೇ: ಎಲ್, ಎಫ್, ಬಿ. ಬೇಗ ಬೇಗ ಹೇಳಿ ನೋಡಿ. ಎಲ್-ಫ-ಬ. ಎಲ್ಫಬಾ. ಕತೆ ಕೆಡಿಸುವವರು ಮೂಲ ಲೇಖಕರ ಹೆಸರನ್ನು ನಾಯಕಿಗೆ ಇಡುತ್ತಾರಾ?

ಇದು ಹೊಳೆದದ್ದಕ್ಕೆ ಅವರೇ ಹೇಳಿದ ಒಂದು ಕಾರಣ ಇದೆ. 1990ರ ದಶಕದ ಶುರುವಿನಲ್ಲಿ ಅವರು ಲಂಡನ್ನಿನಲ್ಲಿದ್ದರು, ಕೊಲ್ಲಿ ಯುದ್ಧದ ಸಮಯ. ಪತ್ರಿಕೆಯೊಂದರ ತಲೆಬರಹದಲ್ಲಿ ಸದ್ದಾಂ ಹುಸೇನ್‌ನನ್ನು ಹಿಟ್ಲರ್‌ಗೆ ಹೋಲಿಸಿದ್ದರು. ಆ ಒಂದು ಹೆಸರು ಕಂಡ ತಕ್ಷಣ ತನ್ನ ರಕ್ತ ತಣ್ಣಗಾಯಿತಲ್ಲ, ಒಂದು ಪದಕ್ಕೆ ಇಷ್ಟು ಬಲ ಇದೆಯಾ ಅಂತ ಯೋಚನೆಗೆ ಬಿದ್ದರಂತೆ. ಕೆಟ್ಟವರು ಅಂತ ಹಣೆಪಟ್ಟಿ ಹಚ್ಚಿದರೆ ಆಮೇಲೆ ಅವರಿಗೆ ಏನು ಮಾಡಿದರೂ ನಡೆಯುತ್ತದೆ. ಡೊರೊಥಿಯ ಪೊರಕೆ ನೆನಪಿದೆ ಅಲ್ವಾ?

ಅವರ ಉಳಿದ ಪುಸ್ತಕಗಳೂ ಇದೇ ಜಾಡಿನವು. 1999ರದ್ದು ಸಿಂಡ್ರೆಲಾಳ ಕತೆ, ಹೇಳುವುದು ಚೆಲುವಿಲ್ಲದ ಮಲಸಹೋದರಿಯ ಕಡೆಯಿಂದ, ನಡೆಯುವುದು ಹದಿನೇಳನೆಯ ಶತಮಾನದ ಹಾಲೆಂಡಿನಲ್ಲಿ, ಟ್ಯುಲಿಪ್ ಗಡ್ಡೆಗೆ ಜನ ಮನೆ ಮಾರುತ್ತಿದ್ದ ಕಾಲದಲ್ಲಿ. ಮಗ್ವೈರ್ ಅವರ ಹೆತ್ತ ತಾಯಿ ಇವರನ್ನು ಹೆತ್ತ ಮೇಲೆ ತೀರಿಕೊಂಡರು, ಬೆಳೆಸಿದವರು ಮಲತಾಯಿ. ಆ ಮನೆಯಲ್ಲಿ ಬೆಳೆದವರು ಈ ಕತೆಗೆ ಕೈ ಹಾಕಿದ್ದು ನನಗೇನೂ ಆಶ್ಚರ್ಯ ಅಲ್ಲ. ಸ್ನೋವೈಟ್, ಆಲಿಸ್, ನಟ್‌ಕ್ರ್ಯಾಕರ್ ಇವನ್ನೂ ಬಿಟ್ಟಿಲ್ಲ. ಎಲ್ಲವೂ ಒಂದೇ ಸಮ ಅಲ್ಲ. ಸ್ನೋವೈಟ್ ಕತೆಯನ್ನು ನಾನು ಎರಡು ಸಲ ಅರ್ಧಕ್ಕೆ ಬಿಟ್ಟೆ.

ಮಗಳಿಗೆ ಏನು ಕೊಡುವುದು ಅಂತೀರಾ? ಬಾಮ್ ಪುಸ್ತಕ ಕೊಡಿ. ಹಕ್ಕು ಮುಗಿದು ಎಷ್ಟೋ ಕಾಲವಾಯ್ತು, ಕಡಿಮೆ ಬೆಲೆಗೆ ಸಿಗುತ್ತದೆ, ಇಂಗ್ಲಿಷ್ ಸುಲಭ. ಹನ್ನೆರಡನೆಯ ಅಧ್ಯಾಯವನ್ನು ಜೊತೆಗೆ ಕೂತು ಓದಿ, ಮಾಟಗಾತಿಯ ಮೈ ಯಾವ ಬಣ್ಣ ಹುಡುಕು ಅನ್ನಿ. ತರಿಸಿದ ಕಾದಂಬರಿಯನ್ನು ನೀವು ಓದಿ, ದುಡ್ಡು ದಂಡ ಆಗಲ್ಲ.

ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ಬಹಳ ದಿನದಿಂದ ತಲೆಯಲ್ಲಿದೆ. ಈ ಕಾದಂಬರಿಯನ್ನು ಕನ್ನಡಕ್ಕೆ ತರುವುದಾದರೆ ಹೇಗೆ? ದೊಡ್ಡ ತೊಡಕು ಒಂದು ಅಕ್ಷರದ್ದು. ಆಜ್ ದೇಶದಲ್ಲಿ ಎರಡು ಬಗೆಯ ಪ್ರಾಣಿಗಳು. ಮಾತು ಬಲ್ಲ, ಓದು ಬರಹ ಬಲ್ಲ ಪ್ರಾಣಿಗಳನ್ನು ಮಗ್ವೈರ್ ‘ಅನಿಮಲ್’ ಪದದ ಮೊದಲಿಗೆ ಇಂಗ್ಲಿಷಿನ ದೊಡ್ಡ ‘ಎ’ ಹಾಕಿ ಬರೆಯುತ್ತಾರೆ. ಬರೀ ಮೇಯುವ ಪ್ರಾಣಿಗಳಿಗೆ ಚಿಕ್ಕ ‘ಎ’. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಡಾಕ್ಟರ್ ಡಿಲ್ಲಮಂಡ್ ದೊಡ್ಡಕ್ಷರದ ಮೇಕೆ. ಆಜ್ ಆಳುವ ಮಾಂತ್ರಿಕನ ಸರ್ಕಾರ ದೊಡ್ಡಕ್ಷರದವರ ಕೆಲಸ, ಓಡಾಟ ಎಲ್ಲ ಕಿತ್ತುಕೊಂಡು ಅವರನ್ನು ಚಿಕ್ಕಕ್ಷರಕ್ಕೆ ಇಳಿಸುವುದೇ ಕತೆಯ ಅರ್ಧ ಭಾಗ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಏನು ಮಾಡುವುದು?

ಆದರೆ ನಮಗೆ ಕ್ರಿಯಾಪದ ಇದೆ. ನಮ್ಮಜ್ಜಿ ಅಂಗಳದಲ್ಲಿ ಹಪ್ಪಳ ಒಣಗಿಸುವಾಗ “ಕಾಗೆ ಬಂತು, ಓಡಿಸೋ” ಅನ್ನುತ್ತಿದ್ದರು. ರಾತ್ರಿ ತುತ್ತು ಕೊಡುತ್ತಾ ಅದೇ ಅಜ್ಜಿ “ಕಾಗಕ್ಕ ಬಂದಳು, ಗುಬ್ಬಕ್ಕನ ಮನೆ ಬಾಗಿಲು ತಟ್ಟಿದಳು” ಅನ್ನುತ್ತಿದ್ದರು. ಅದೇ ಹಕ್ಕಿ. ಒಂದು ‘ಅಕ್ಕ’ ಸೇರಿದ ಕೂಡಲೇ ‘ಬಂತು’ ಹೋಗಿ ‘ಬಂದಳು’ ಆಯ್ತು. ದೊಡ್ಡ ‘ಎ’ ಮಾಡುವ ಕೆಲಸ ಪೂರ್ತಿ ಅಲ್ಲೇ ಇದೆ, ಬಾಯಲ್ಲಿ ಹೇಳಿದರೂ ಕೇಳಿಸುತ್ತದೆ, ಇಂಗ್ಲಿಷಿನದ್ದು ಕಣ್ಣಿಗೆ ಮಾತ್ರ.

ಹಾಗಾಗಿ ನಾನಾದರೆ ಮೊದಲ ದಿನದ ತರಗತಿಗೆ ‘ಮೇಕೆ ಮೇಷ್ಟ್ರು ಬಂದರು’ ಅಂತ ಬರೆಯುತ್ತೇನೆ. ಸರ್ಕಾರದ ಮೊದಲ ಆದೇಶ ಬಂದ ಮೇಲೆ ಹಿಂದಿನ ಬೆಂಚಿನ ಯಾವನೋ ಒಬ್ಬ ಮೆಲ್ಲಗೆ ‘ಮೇಷ್ಟ್ರು ಬಂತು’ ಅನ್ನುತ್ತಾನೆ, ನಾಲ್ಕು ಜನ ಕಿಸಕ್ಕನೆ ನಗುತ್ತಾರೆ. ಸ್ವಲ್ಪ ದಿನಕ್ಕೆ ನಗುವುದೂ ನಿಲ್ಲುತ್ತದೆ, ಎಲ್ಲರ ಬಾಯಲ್ಲೂ ಅದೇ ರೂಢಿಯಾಗುತ್ತದೆ. ಆ ಮೇಷ್ಟ್ರ ಕೊಲೆಯಾದ ದಿನ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ‘ಮೇಕೆಯೊಂದು ಸತ್ತಿದೆ’ ಅಂತ ಹಾಕುತ್ತಾರೆ. ಅದರ ಮುಂದೆ ನಿಂತು ಎಲ್ಫಬಾ ‘ಸತ್ತಿದೆ’ ಅನ್ನುವುದನ್ನು ಹೊಡೆದು ಹಾಕಿ, ಮೇಲೆ ಪೆನ್ಸಿಲ್ಲಿನಲ್ಲಿ ‘ತೀರಿಕೊಂಡರು’ ಅಂತ ಬರೆಯುತ್ತಾಳೆ. ಮಗ್ವೈರ್ ಪುಸ್ತಕದಲ್ಲಿ ಆ ನೋಟಿಸ್ ಬೋರ್ಡ್ ಇಲ್ಲ, ಅದು ನಾನು ಸೇರಿಸಿದ್ದು. ಇನ್ನು ನನಗೂ ಯಾರಾದರೂ ಕತೆ ಕೆಡಿಸಿದೆ ಅನ್ನಬಹುದು.